ವಿಷಾದವೂ ಹೃದ್ರೋಗವೂ: ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ದೃಷ್ಟಿಯಿಂದ ಒಂದು ಚಾರಿತ್ರಿಕ ವಿಚಾರ

೧

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಗಳಲ್ಲಿ ಒಬ್ಬನು ಬಹುದಿನ ದುಃಖವನ್ನು ಒಳಗೇ ಇಟ್ಟುಕೊಂಡು ತೀರಿಹೋದರೆ ಅವನು ‘ಕೊರಗಿ ಸತ್ತ’ನೆಂದು ಜನರು ಹೇಳುವರು. ಕೆಟ್ಟ ಸುದ್ದಿಯನ್ನು ಕೇಳಿದೊಡನೆ ಮಡಿದವನ ವಿಷಯದಲ್ಲಿ ‘ಎದಿ ಒಡಕೊಂಡು ಸತ್ತ’ನೆನ್ನುವರು. ಈ ಎರಡು ಮಾತುಗಳೂ ಕೇವಲ ಅಲಂಕಾರಗಳೇ, ಅಥವಾ ಇವುಗಳಲ್ಲಿ ಅನುಭವಸಿದ್ಧವಾದ ಒಂದು ಅರಿವು ಅಡಗಿರುವುದೇ ಎಂಬ ಪ್ರಶ್ನೆಯು ಭಾಷಾಶಾಸ್ತ್ರಕ್ಕೂ ವೈದ್ಯಶಾಸ್ತ್ರದ ಚರಿತ್ರೆಗೂ ಸಮಾನವಾಗಿ ಸಂಬಂಧಪಟ್ಟುದಾಗಿದೆ. ಮನಸ್ಸಿನ ಖಿನ್ನತೆಗೂ ಹೃದಯದ ರೋಗಕ್ಕೂ ನಿಕಟವಾದ ಸಂಬಂಧವುಂಟೆಂದು ಕಳೆದ ಕೆಲವು ದಶಕಗಳಲ್ಲಿ ವೈದ್ಯವಿಜ್ಞಾನಿಗಳು ಎಣಿಕೆಯ ಆಧಾರದಿಂದ ತೋರಿಸಿಕೊಟ್ಟಿರುವುದರಿಂದ, ಹಳೆಯ ಈ ಮಾತುಗಳನ್ನು ಮತ್ತೊಮ್ಮೆ ಪರಿಶೀಲಿಸುವುದು ಉಚಿತವಾಗಿದೆ.

ಇಂಥ ವಿಚಾರದಲ್ಲಿ ಎರಡು ತಪ್ಪುಗಳಿಗೆ ಅವಕಾಶವುಂಟು. ಇಂದಿನ ವಿಜ್ಞಾನವು ಕಂಡುದೆಲ್ಲವನ್ನೂ ಪೂರ್ವಿಕರು ಮೊದಲೇ ಅರಿತಿದ್ದರೆಂದು ಸಾಧಿಸಹೊರಡುವುದು ಒಂದು. ಶಾಸ್ತ್ರಜ್ಞರು ಅಳೆದು ತೂಗುವವರೆಗೆ ಜನರ ಮಾತಿಗೆ ಯಾವ ಬೆಲೆಯೂ ಇಲ್ಲವೆಂದು ತಿಳಿಯುವುದು ಇನ್ನೊಂದು. ಈ ಎರಡನ್ನೂ ಬಿಟ್ಟು, ಮೇಲ್ಕಂಡ ಸೀಮೆಯಲ್ಲಿ ಬಂದು ಕೂಡಿದ ಹಲವು ಪರಂಪರೆಗಳು, ಎಂದರೆ ಕನ್ನಡನುಡಿ, ಕಾವ್ಯ, ಆಯುರ್ವೇದ, ಯುನಾನಿ, ಆಧುನಿಕ ವೈದ್ಯ ಇವು, ಎದೆಗೂ ದುಃಖಕ್ಕೂ ಇರುವ ನಂಟನ್ನು ಹೇಗೆ ಕಂಡವೆಂಬುದನ್ನು ಕ್ರಮವಾಗಿ ನೋಡತಕ್ಕದ್ದಾಗಿದೆ.

೨

ಮೊದಲು ಶಬ್ದಗಳನ್ನು ತೆಗೆದುಕೊಳ್ಳಬಹುದು. ಹಳಗನ್ನಡದ ‘ಎರ್ದೆ’ಯೇ ರೇಫವನ್ನು ಕಳೆದುಕೊಂಡು ‘ಎದೆ’ಯಾಗಿದೆ, ಗೋಕಾಕ ಹುಕ್ಕೇರಿಗಳ ಆಡುಮಾತಿನಲ್ಲಿ ಅದು ‘ಎದಿ’. ಈ ಶಬ್ದಕ್ಕೆ ಮೂರು ಅರ್ಥಗಳು ಒಟ್ಟಿಗೆ ಸಲ್ಲುತ್ತವೆ: ಹೊರಗೆ ಕಾಣುವ ವಕ್ಷಸ್ಥಲ, ಒಳಗೆ ಮಿಡಿಯುವ ಅವಯವ, ಮನಸ್ಸಿನ ಧೈರ್ಯ. ‘ಎದೆಗಾರ’ನೆಂದರೆ ಧೀರ, ‘ಎದೆಗುಂದಿದ’ವನೆಂದರೆ ಉತ್ಸಾಹ ಕಳೆದುಕೊಂಡವನು, ‘ಎದೆಗೆಟ್ಟ’ವನು ಇನ್ನೂ ಒಂದು ಮೆಟ್ಟಲು ಕೆಳಗಿಳಿದವನು. ‘ಗುಂಡಿಗೆ’ ಎಂಬ ಮಾತಿನಲ್ಲಿಯೂ ಅವಯವ ಮತ್ತು ಧೈರ್ಯ ಎರಡೂ ಅರ್ಥಗಳಿವೆ. ಒಂದೇ ಶಬ್ದವು ಅಂಗವನ್ನೂ ಭಾವವನ್ನೂ ಹೇಳುವುದು ಕನ್ನಡಕ್ಕೆ ಮಾತ್ರ ಸೇರಿದ ಗುಣವಲ್ಲ. ಸಂಸ್ಕೃತದ ‘ಹೃದಯ’, ಅರಬ್ಬಿಯ ‘ಕಲ್ಬ್’ ಶಬ್ದಗಳೂ ಹಾಗೆಯೇ ಇವೆ. ಆದರೆ ಕನ್ನಡದಲ್ಲಿ ಈ ಅರ್ಥಗಳು ಎಷ್ಟು ಹೆಣೆದುಕೊಂಡಿವೆಯೆಂದರೆ, ‘ಎದಿ ಭಾರ ಆಗೇದ’ ಎಂದು ಒಬ್ಬ ರೈತನು ಹೇಳಿದಾಗ ಅವನು ಹೇಳುತ್ತಿರುವುದು ದೇಹದ ಬೇನೆಯೋ ಮನದ ಬೇನೆಯೋ ಎಂಬುದು ಆ ವಾಕ್ಯವೊಂದರಿಂದಲೇ ನಿರ್ಣಯವಾಗುವಂತಿಲ್ಲ.

‘ಕೊರಗು’ ಎಂಬ ಧಾತುವು ಇನ್ನೂ ಗಮನಾರ್ಹವಾದುದು. ನೀರಿಲ್ಲದೆ ಪೈರು ಬಾಡುವುದೂ ಕೊರಗುವುದೇ, ಮಗನನ್ನು ಕಳೆದುಕೊಂಡ ತಾಯಿ ದಿನದಿನಕ್ಕೆ ಕ್ಷೀಣಿಸುವುದೂ ಕೊರಗುವುದೇ. ಇಲ್ಲಿ ದುಃಖವು ಕ್ಷಣಿಕವಾದ ಭಾವವಲ್ಲ. ಕಾಲದಲ್ಲಿ ಹರಡಿಕೊಂಡು ದೇಹವನ್ನು ಒಣಗಿಸುವ ಕ್ರಿಯೆ. ಉತ್ತರ ಕರ್ನಾಟಕದ ‘ಹಳಹಳಿ’, ‘ತಳಮಳ’, ‘ಕಳವಳ’ ಎಂಬವು ಅಲುಗಾಟವನ್ನು ಸೂಚಿಸುವ ಮಾತುಗಳಾದರೆ, ‘ಕೊರಗು’, ‘ಕುಂದು’, ‘ಕುಗ್ಗು’ ಎಂಬವು ಇಳಿತವನ್ನು ಸೂಚಿಸುತ್ತವೆ. ಎಂದರೆ ಆತಂಕವನ್ನೂ ಖಿನ್ನತೆಯನ್ನೂ ಜನಭಾಷೆಯು ಬೇರೆ ಬೇರೆಯಾಗಿಯೇ ಗುರುತಿಸಿದೆ. ಇವಲ್ಲದೆ ‘ಮನಸ್ಸಿಗೆ ಹಚ್ಚಿಕೊಳ್ಳು’ ಎಂಬ ಪ್ರಯೋಗವೊಂದುಂಟು. ದುಃಖವು ಹೊರಗಿನಿಂದ ಬಂದರೂ ಅದನ್ನು ಅಂಟಿಸಿಕೊಳ್ಳುವವನು ದುಃಖಿಯೇ ಎಂಬ ಧ್ವನಿ ಇದರಲ್ಲಿದೆ. ಸಂತಾಪದೊಡನೆ ಕೊಂಚ ಆಕ್ಷೇಪವೂ ಬೆರೆತಿದೆ. ಈ ಆಕ್ಷೇಪದ ಪರಿಣಾಮವನ್ನು ಮುಂದೆ ನೋಡಬಹುದು.

ಇಂದು ವೈದ್ಯರು ಬಳಸುವ ‘ಖಿನ್ನತೆ’, ಶಾಸ್ತ್ರಗ್ರಂಥಗಳ ‘ವಿಷಾದ’ ಎರಡೂ ಸಂಸ್ಕೃತಮೂಲದವು. ‘ವಿಷಾದ’ವು ಕುಸಿಯುವುದೆಂಬ ಅರ್ಥದ ‘ಸದ್’ ಧಾತುವಿನಿಂದ ಬಂದುದು. ಕೆಳಗೊತ್ತಲ್ಪಡುವುದೆಂಬ ಅರ್ಥವುಳ್ಳ ಲ್ಯಾಟಿನ್ ಧಾತುವಿನಿಂದ ಇಂಗ್ಲಿಷಿನ ‘ಡಿಪ್ರೆಶನ್’ ಬಂದಿದೆ. ಕನ್ನಡದ ‘ಕುಗ್ಗು’ ಕೂಡ ಇದೇ ಚಿತ್ರವನ್ನು ಕೊಡುತ್ತದೆ. ಪರಸ್ಪರ ಸಂಬಂಧವಿಲ್ಲದ ಭಾಷೆಗಳು ಸಹ ಈ ಅವಸ್ಥೆಯನ್ನು ಇಳಿತವೆಂದೇ ಕಂಡಿರುವುದು ಅನುಭವದ ಸಾಮ್ಯಕ್ಕೆ ಸಾಕ್ಷಿ.

೩

ಕಾವ್ಯಗಳಲ್ಲಿ ದುಃಖದಿಂದ ಬಂದ ಮರಣದ ಪ್ರಸಂಗಗಳು ಹಲವುಂಟು. ರಾಮನು ಅಡವಿಗೆ ಹೋದ ಮೇಲೆ ದಶರಥನು ಪುತ್ರಶೋಕದಿಂದ ಮಡಿದುದು ಎಲ್ಲರಿಗೂ ವಿದಿತವಾದ ಸಂಗತಿ. ವಾಲ್ಮೀಕಿಯಲ್ಲಿ ಈ ಮರಣವು ರಾಮನಿರ್ಗಮನದ ಕೂಡಲೆ ಸಂಭವಿಸುವುದಿಲ್ಲ. ಕೆಲವು ದಿನಗಳ ಕೊರಗಿನ ಬಳಿಕ, ಹಿಂದೆ ತಾನು ಮಾಡಿದ ಮುನಿಕುಮಾರವಧೆಯ ನೆನಪು ಮರುಕಳಿಸಿ, ರಾತ್ರಿಯಲ್ಲಿ ಬರುತ್ತದೆ. ಶೋಕವೂ ಪಶ್ಚಾತ್ತಾಪವೂ ಒಂದುಗೂಡಿದ ಮರಣವಿದು. ಬಿಜಾಪುರದ ಸಮೀಪದ ತೊರವೆಯಲ್ಲಿ ಕುಮಾರವಾಲ್ಮೀಕಿಯು ಈ ಕಥೆಯನ್ನು ಭಾಮಿನೀಷಟ್ಪದಿಯಲ್ಲಿ ಹಾಡಿದುದರಿಂದ ಉತ್ತರ ಕರ್ನಾಟಕದ ಓದುಗರಿಗೂ ಕೇಳುಗರಿಗೂ ಅದು ಮನೆಮಾತಾಯಿತು.

ಜೈನರಾಮಾಯಣದ ಪರಂಪರೆಯಲ್ಲಿ ಇನ್ನೊಂದು ಬಗೆಯ ಮರಣವಿದೆ. ವಿಮಲಸೂರಿಯ ‘ಪಉಮಚರಿಯ’ದಲ್ಲಿ ರಾಮಲಕ್ಷ್ಮಣರ ಸ್ನೇಹವನ್ನು ಪರೀಕ್ಷಿಸಬಂದ ದೇವತೆಗಳು ರಾಮನು ತೀರಿಕೊಂಡನೆಂಬ ಸುಳ್ಳುಸುದ್ದಿಯನ್ನು ಹಬ್ಬಿಸುತ್ತಾರೆ, ಅದನ್ನು ಕೇಳಿದ ಲಕ್ಷ್ಮಣನು ಆ ಕ್ಷಣವೇ ಪ್ರಾಣಬಿಡುತ್ತಾನೆ. ಕನ್ನಡದಲ್ಲಿ ನಾಗಚಂದ್ರನು ತನ್ನ ‘ರಾಮಚಂದ್ರಚರಿತಪುರಾಣ’ಕ್ಕೆ ಹಿಡಿದುದು ಇದೇ ಪರಂಪರೆಯನ್ನು. ಲಕ್ಷ್ಮಣನಿಗೆ ಗಾಯವಿಲ್ಲ, ರೋಗವಿಲ್ಲ. ಸುದ್ದಿಯೊಂದೇ ಸಾವಿಗೆ ಕಾರಣ. ದಶರಥನದು ‘ಕೊರಗಿ ಸತ್ತ’ ಸಾವಾದರೆ ಲಕ್ಷ್ಮಣನದು ‘ಎದೆಯೊಡೆದು ಸತ್ತ’ ಸಾವು. ಜನಭಾಷೆಯ ಎರಡು ಮಾತುಗಳಿಗೆ ಕಾವ್ಯದ ಎರಡು ದೃಷ್ಟಾಂತಗಳು ಹೀಗೆ ದೊರೆಯುತ್ತವೆ.

ಶಾಸನಗಳಲ್ಲಿ ಮಾತ್ರ ಸ್ಥಿತಿಯು ಬೇರೆ. ವೀರಗಲ್ಲು, ಮಾಸ್ತಿಕಲ್ಲು, ನಿಷಿಧಿ ಈ ಮೂರು ಬಗೆಯ ಸ್ಮಾರಕಶಿಲೆಗಳೂ ಸತ್ತವರ ಒಂದು ಕ್ರಿಯೆಯನ್ನು ಆಧರಿಸಿ ನಿಂತವು: ಹೋರಾಟ, ಅಗ್ನಿಪ್ರವೇಶ, ಸಲ್ಲೇಖನ. ೧೦೫೭ರ ಬೆಳತೂರಿನ ಶಾಸನವು ಗಂಡನ ಮರಣವಾರ್ತೆಯನ್ನು ಕೇಳಿದ ದೇಕಬ್ಬೆಯು ಬೆಂಕಿಯನ್ನು ಹೊಕ್ಕುದನ್ನು ಮನಮುಟ್ಟುವಂತೆ ವರ್ಣಿಸುತ್ತದೆ. ಆದರೆ ಅಂಥದೇ ಸುದ್ದಿಯನ್ನು ಕೇಳಿ, ಮನೆಯ ಮೂಲೆಯಲ್ಲಿ ಆರು ತಿಂಗಳು ಕುಳಿತು, ಅನ್ನ ಸೇರದೆ ಸವೆದುಹೋದವಳಿಗೆ ಕಲ್ಲು ನಿಲ್ಲಿಸುವ ಪದ್ಧತಿಯಿರಲಿಲ್ಲ. ಆದಕಾರಣ ಕೊರಗಿನ ಚರಿತ್ರೆಯನ್ನು ಕಲ್ಲಿನಲ್ಲಿ ಹುಡುಕಿದರೆ ಸಿಕ್ಕದು, ಹಾಡಿನಲ್ಲಿ ಹುಡುಕಬೇಕು. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ಹೊರತಂದ ‘ಗರತಿಯ ಹಾಡು’ ಎಂಬ ಸಂಗ್ರಹದಲ್ಲಿ ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ತಮ್ಮ ದುಃಖವನ್ನು ಹೇಳಿಕೊಂಡ ಬಗೆಯು ಕಾಣುತ್ತದೆ. ಗೋಕಾಕ ತಾಲೂಕಿನ ಬೆಟಗೇರಿಯಿಂದ ಬಂದ ಬೆಟಗೇರಿ ಕೃಷ್ಣಶರ್ಮರು ಇದೇ ಜನಪದದ ನುಡಿಯನ್ನು ತಮ್ಮ ಕವಿತೆಯ ನುಡಿಯಾಗಿ ಮಾಡಿಕೊಂಡರು.

೪

ಇನ್ನು ಶಾಸ್ತ್ರದ ಕಡೆಗೆ ತಿರುಗಬಹುದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಈ ವಿಚಾರಕ್ಕೆ ಸಂಬಂಧಪಟ್ಟ ನಾಲ್ಕು ಎಡೆಗಳಿವೆ. ಹದಿನೇಳನೆಯ ಅಧ್ಯಾಯದಲ್ಲಿ ಐದು ಬಗೆಯ ಹೃದ್ರೋಗಗಳನ್ನು ಹೇಳುವಾಗ, ವಾತಜನ್ಯವಾದ ಹೃದ್ರೋಗಕ್ಕೆ ಕಾರಣಗಳನ್ನು ಎಣಿಸುತ್ತ ಉಪವಾಸ, ಅತಿಯಾದ ಶ್ರಮ, ರೂಕ್ಷವೂ ಅಲ್ಪವೂ ಆದ ಆಹಾರ ಇವುಗಳೊಡನೆ ಶೋಕವನ್ನು ಸೇರಿಸಲಾಗಿದೆ. ಅದರ ಲಕ್ಷಣಗಳಲ್ಲಿ ನಡುಕದೊಡನೆ ಎದೆಯ ಶೂನ್ಯತೆಯನ್ನೂ ಹೇಳಿದೆ. ಇಪ್ಪತ್ತನೆಯ ಅಧ್ಯಾಯದಲ್ಲಿ ವಾತದ ಎಂಬತ್ತು ವಿಕಾರಗಳ ಪಟ್ಟಿಯಲ್ಲಿ ವಿಷಾದವೂ ಒಂದು. ಇಪ್ಪತ್ತೈದನೆಯ ಅಧ್ಯಾಯದಲ್ಲಿ ಪ್ರತಿಯೊಂದು ವರ್ಗದ ಶ್ರೇಷ್ಠವಸ್ತುಗಳನ್ನು ಎಣಿಸುವಾಗ, ರೋಗವನ್ನು ಬೆಳೆಸುವಂಥವುಗಳಲ್ಲಿ ವಿಷಾದಕ್ಕೆ ಮೊದಲ ಸ್ಥಾನವನ್ನು ಕೊಟ್ಟಿದೆ. ಮೂವತ್ತನೆಯ ಅಧ್ಯಾಯವು ಹೃದಯದಿಂದ ಹೊರಡುವ ಹತ್ತು ಮಹಾಸಿರೆಗಳನ್ನು ಹೇಳಿ, ಹೃದಯವನ್ನೂ ಅಲ್ಲಿರುವ ಓಜಸ್ಸನ್ನೂ ಕಾಪಾಡಬಯಸುವವನು ಮನಸ್ಸಿಗೆ ದುಃಖವನ್ನು ತರುವ ಕಾರಣಗಳನ್ನು ವಿಶೇಷವಾಗಿ ಪರಿಹರಿಸಬೇಕೆಂದು ವಿಧಿಸುತ್ತದೆ.

ಈ ನಾಲ್ಕರಲ್ಲಿ ಇಪ್ಪತ್ತೈದನೆಯ ಅಧ್ಯಾಯದ ಮಾತು ಅತ್ಯಂತ ಸೂಕ್ಷ್ಮವಾದುದು. ವಿಷಾದವು ರೋಗವನ್ನು ಹುಟ್ಟಿಸುತ್ತದೆಂದು ಅಲ್ಲಿ ಹೇಳಿಲ್ಲ. ಇರುವ ರೋಗವನ್ನು ಬೆಳೆಸುತ್ತದೆಂದು ಹೇಳಿದೆ. ಆಧುನಿಕ ಸಂಶೋಧನೆಯು ಅತಿ ದೃಢವಾಗಿ ಸ್ಥಾಪಿಸಿರುವ ಅಂಶವೂ ಇದೇ ಎಂಬುದು ಮುಂದೆ ವಿಶದವಾಗುವುದು. ಹೀಗಿದ್ದರೂ ಚರಕನ ‘ಹೃದ್ರೋಗ’ವೂ ಇಂದಿನ ‘ಹೃದಯಾಘಾತ’ವೂ ಒಂದೇ ಎಂದು ತಿಳಿಯಲಾಗದು. ರಕ್ತನಾಳವು ಕಟ್ಟಿ ಹೃದಯದ ಮಾಂಸಖಂಡವು ಸಾಯುವುದೆಂಬ ಕಲ್ಪನೆಯು ಪ್ರಾಚೀನರಿಗೆ ಇರಲಿಲ್ಲ. ಅವರಿಗೆ ಹೃದಯವು ಚೇತನದ ನೆಲೆ. ರಕ್ತವನ್ನು ತಳ್ಳುವ ಯಂತ್ರವಲ್ಲ. ಅವರು ಕಂಡದ್ದು ಸಂಬಂಧವನ್ನು. ಆ ಸಂಬಂಧದ ಮಾರ್ಗವನ್ನಲ್ಲ.

ಕನ್ನಡನಾಡಿನಲ್ಲಿ ವೈದ್ಯಗ್ರಂಥಗಳ ಪರಂಪರೆಯು ಬಹುಮಟ್ಟಿಗೆ ಜೈನರಿಂದ ಬೆಳೆಯಿತು. ಉಗ್ರಾದಿತ್ಯನು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವನ್ನು ರಚಿಸಿ, ಮಾಂಸಾಹಾರವು ನಿಷ್ಪ್ರಯೋಜಕವೆಂಬ ವಿಷಯವನ್ನು ನೃಪತುಂಗನ ಸಭೆಯಲ್ಲಿ ಪ್ರತಿಪಾದಿಸಿದನು. ಈ ಗ್ರಂಥವು ೧೯೪೦ರಲ್ಲಿ ಸೊಲ್ಲಾಪುರದಲ್ಲಿ ಅಚ್ಚಾಯಿತು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯವನ್ನು ‘ಕರ್ಣಾಟಕ ಕಲ್ಯಾಣಕಾರಕ’ವೆಂಬ ಹೆಸರಿನಿಂದ ಕನ್ನಡಕ್ಕೆ ತಂದನು. ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ವಿಷವೈದ್ಯವನ್ನು ವಿವರಿಸಿತು. ಸಂಸ್ಕೃತವನ್ನು ಅರಿಯದ ಗ್ರಾಮವೈದ್ಯನಿಗೂ ಶಾಸ್ತ್ರವು ಮುಟ್ಟುವಂತೆ ಇವರು ಮಾಡಿದರು.

ಈ ಪರಂಪರೆಯು ಇಲ್ಲಿಯ ನೆಲಕ್ಕೆ ದೂರದ್ದಲ್ಲ. ಇಂದು ಮೂಡಲಗಿ ತಾಲೂಕಿಗೆ ಸೇರಿದ ಕಲ್ಲೋಳಿಯಲ್ಲಿ ಸವದತ್ತಿಯ ರಟ್ಟರ ನಾಲ್ವಡಿ ಕಾರ್ತವೀರ್ಯನ ಕಾಲದ, ಶಕ ೧೧೨೭ರ ಶಾಸನವೊಂದಿದ್ದು, ಶಾಂತಿನಾಥಬಸದಿಗೆ ಬಿಟ್ಟ ದತ್ತಿಯನ್ನು ಹೇಳುತ್ತದೆ. ಗೋಕಾಕದ ನೆರೆಯ ಕೊಣ್ಣೂರಿನಲ್ಲಿಯೂ ರಟ್ಟರ ಕಾಲದ ಶಾಸನವಿದೆ. ಜೈನಶಾಸನಗಳಲ್ಲಿ ಮೇಲಿಂದ ಮೇಲೆ ಬರುವ ನಾಲ್ಕು ದಾನಗಳೆಂದರೆ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ. ಔಷಧವನ್ನು ಕೊಡುವುದೂ ಭಯವನ್ನು ಕಳೆಯುವುದೂ ಒಂದೇ ಸಾಲಿನಲ್ಲಿ, ಒಂದೇ ಪುಣ್ಯವರ್ಗದಲ್ಲಿ ನಿಂತಿರುವುದು ಗಮನಿಸತಕ್ಕ ಸಂಗತಿ. ಅಭಯದಾನವೆಂದರೆ ಮುಖ್ಯವಾಗಿ ಪ್ರಾಣಿಗಳಿಗೆ ಹಿಂಸೆಯ ಭಯವನ್ನು ನೀಗುವುದೇ ಹೊರತು ಮನೋವೈದ್ಯವಲ್ಲವೆಂಬುದು ನಿಜ. ಆದರೂ ಅನ್ನವೂ ಮದ್ದೂ ಇದ್ದಮಾತ್ರಕ್ಕೆ ಜೀವವು ಉಳಿಯದು, ನಿರ್ಭಯವೂ ಬೇಕು ಎಂಬ ತಿಳಿವು ಆ ಎಣಿಕೆಯಲ್ಲಿ ಇಲ್ಲದೆ ಇಲ್ಲ.

೫

ಹುಕ್ಕೇರಿಯ ಗುಮ್ಮಟಗಳು ಈ ಸೀಮೆಯು ಆದಿಲಶಾಹಿಗಳ ಆಳ್ವಿಕೆಗೆ ಒಳಪಟ್ಟುದಕ್ಕೆ ಇಂದಿಗೂ ಸಾಕ್ಷಿಯಾಗಿ ನಿಂತಿವೆ. ಆ ಆಳ್ವಿಕೆಯೊಡನೆ ಇನ್ನೊಂದು ವೈದ್ಯಪದ್ಧತಿಯೂ ಬಂದಿತು. ಯುನಾನಿ ವೈದ್ಯಕ್ಕೆ ಆಧಾರಪುರುಷನಾದ ಇಬ್ನ ಸೀನಾನು ಹೃದಯೌಷಧಿಗಳ ಮೇಲೆ ಪ್ರತ್ಯೇಕವಾದ ಒಂದು ಗ್ರಂಥವನ್ನೇ ಬರೆದಿದ್ದಾನೆ. ಆತನ ಮತದಲ್ಲಿ ಹೃದಯವು ಪ್ರಾಣವಾಯುವಿನ ನೆಲೆ. ಸಂತೋಷದಲ್ಲಿ ಆ ವಾಯುವು ವಿಕಸಿಸುತ್ತದೆ, ದುಃಖದಲ್ಲಿ ಸಂಕೋಚಗೊಳ್ಳುತ್ತದೆ. ಆದುದರಿಂದಲೇ ಹೃದಯಕ್ಕೆ ಬಲವನ್ನು ಕೊಡುವ ಔಷಧಿಗಳಲ್ಲಿ ‘ಮುಫರ್ರಿಹ್’, ಎಂದರೆ ಉಲ್ಲಾಸಕಾರಿ, ಎಂಬ ಒಂದು ವರ್ಗವುಂಟು. ಎದೆಬಡಿತದ ರೋಗಕ್ಕೆ ಯುನಾನಿಯಲ್ಲಿ ‘ಖಫಖಾನ್’ ಎಂದೂ ವಿಷಾದರೋಗಕ್ಕೆ ಗ್ರೀಕರಿಂದ ಬಂದ ‘ಮಾಲಿಖೋಲಿಯಾ’ ಎಂದೂ ಹೆಸರು.

ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹನ (೧೫೮೦-೧೬೨೭) ಆಶ್ರಯದಲ್ಲಿದ್ದ ಪ್ರಸಿದ್ಧ ಇತಿಹಾಸಕಾರ ಫಿರಿಸ್ತನು ಭಾರತೀಯ ವೈದ್ಯವನ್ನು ಪಾರಸಿಯಲ್ಲಿ ವಿವರಿಸಿದ ‘ದಸ್ತೂರುಲ್ ಅತಿಬ್ಬಾ’ ಎಂಬ ಗ್ರಂಥದ ಕರ್ತೃವೆಂದೂ ಖ್ಯಾತನಾಗಿದ್ದಾನೆ. ಹೀಗೆ ಒಂದೇ ನಾಡಿನಲ್ಲಿ ವೈದ್ಯರೂ ಹಕೀಮರೂ ಪರಸ್ಪರರ ಶಾಸ್ತ್ರವನ್ನು ಬಲ್ಲವರಾಗಿದ್ದರು. ದೋಷಗಳ ಎಣಿಕೆಯಲ್ಲಿ ಇವರಿಗೆ ಭಿನ್ನಾಭಿಪ್ರಾಯವಿದ್ದರೂ, ಶೋಕವು ಹೃದಯವನ್ನು ಕೆಡಿಸುತ್ತದೆಂಬ ವಿಷಯದಲ್ಲಿ ಇರಲಿಲ್ಲ.

೬

ಯೂರೋಪಿನಲ್ಲಿ ಈ ಸಂಬಂಧವು ಒಂದು ಕಾಲಕ್ಕೆ ಕಡಿದು, ಮತ್ತೆ ಕೂಡಿಕೊಂಡ ಬಗೆಯು ಸ್ವಾರಸ್ಯವಾಗಿದೆ. ೧೬೨೮ರಲ್ಲಿ ವಿಲಿಯಂ ಹಾರ್ವೆಯು ರಕ್ತದ ಪರಿಚಲನೆಯನ್ನು ಸಿದ್ಧಪಡಿಸಿದಂದಿನಿಂದ ಹೃದಯವು ಭಾವದ ನೆಲೆಯೆಂಬ ಗೌರವವನ್ನು ಕಳೆದುಕೊಂಡು ತಿದಿಯಂಥ ಯಂತ್ರವಾಯಿತೆಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ ಅದೇ ಗ್ರಂಥದಲ್ಲಿ ಹಾರ್ವೆಯು ಮನಸ್ಸಿನ ಸುಖದುಃಖಗಳೂ ಆಶಾಭಯಗಳೂ ಹೃದಯದವರೆಗೆ ಹರಿದು ಅದನ್ನು ಕದಡುತ್ತವೆಂದು ಬರೆದಿದ್ದಾನೆ. ಶಸ್ತ್ರವೈದ್ಯನಾದ ಜಾನ್ ಹಂಟರನು ಎದೆನೋವಿನಿಂದ ಬಳಲುತ್ತಿದ್ದು, ತನ್ನನ್ನು ಕೆಣಕಬಲ್ಲವನ ಕೈಯಲ್ಲಿ ತನ್ನ ಜೀವವಿದೆಯೆಂದು ಹೇಳಿಕೊಳ್ಳುತ್ತಿದ್ದನು. ೧೭೯೩ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರ ಸಭೆಯಲ್ಲಿ ವಾಗ್ವಾದ ನಡೆದೊಡನೆಯೇ ಕುಸಿದು ಮೃತನಾದನು.

ಆಮೇಲೆ ವೈದ್ಯವು ಎಣಿಕೆಯ ಮಾರ್ಗವನ್ನು ಹಿಡಿಯಿತು. ೧೯೩೭ರಲ್ಲಿ ಅಮೇರಿಕದ ಮಾಲ್ಜ್‌ಬರ್ಗನು ವಿಷಾದರೋಗಿಗಳಲ್ಲಿ ಹೃದ್ರೋಗದ ಮರಣಗಳು ಹೆಚ್ಚಾಗಿರುವುದನ್ನು ತೋರಿಸಿದನು. ೧೯೬೯ರಲ್ಲಿ ಇಂಗ್ಲೆಂಡಿನ ಪಾರ್ಕ್ಸ್ ಮತ್ತು ಸಂಗಡಿಗರು ೫೫ ವಯಸ್ಸನ್ನು ಮೀರಿದ ೪,೪೮೬ ವಿಧುರರ ಲೆಕ್ಕವನ್ನು ಪ್ರಕಟಿಸಿದರು. ಹೆಂಡತಿಯು ತೀರಿಕೊಂಡ ಮೊದಲ ಆರು ತಿಂಗಳಲ್ಲಿ ಇವರ ಮರಣಗಳು ಅದೇ ವಯಸ್ಸಿನ ವಿವಾಹಿತರಿಗಿಂತ ನೂರಕ್ಕೆ ೪೦ರಷ್ಟು ಹೆಚ್ಚಾಗಿದ್ದವು. ಹೆಚ್ಚಳದ ದೊಡ್ಡ ಪಾಲು ಹೃದ್ರೋಗದ್ದು. ಕಾಲಕ್ರಮದಲ್ಲಿ ಹೆಚ್ಚಳವು ಇಳಿಯಿತು. ‘ಕೊರಗಿ ಸತ್ತ’ ಎಂಬ ಮಾತಿಗೆ ಇದಕ್ಕಿಂತ ಹತ್ತಿರದ ಅಂಕಗಣಿತವು ದೊರೆಯುವುದು ಕಷ್ಟ. ೧೯೯೩ರಲ್ಲಿ ಕೆನಡಾದ ಮಾಂಟ್ರಿಯಲ್ಲಿನಲ್ಲಿ ಫ್ರೇಷರ್ ಸ್ಮಿತ್ ಎಂಬ ವಿದುಷಿಯೂ ಸಂಗಡಿಗರೂ ಹೃದಯಾಘಾತದಿಂದ ಪಾರಾದ ೨೨೨ ರೋಗಿಗಳನ್ನು ಪರೀಕ್ಷಿಸಿ, ಅವರಲ್ಲಿ ಖಿನ್ನತೆಗೊಳಗಾದವರಿಗೆ ಆರು ತಿಂಗಳೊಳಗಿನ ಮೃತ್ಯುಭಯವು ಸುಮಾರು ನಾಲ್ಕು ಮಡಿ ಇರುವುದನ್ನು ಕಂಡರು. ೨೦೦೪ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಎಂಬ ಅಧ್ಯಯನವು ಭಾರತವೂ ಸೇರಿ ೫೨ ದೇಶಗಳಲ್ಲಿ ನಡೆಯಿತು. ಮೊದಲ ಹೃದಯಾಘಾತಕ್ಕೆ ಈಡಾದ ೧೧,೧೧೯ ಜನರಲ್ಲಿ ನೂರಕ್ಕೆ ೨೪ ಮಂದಿ ಹಿಂದಿನ ವರ್ಷ ಖಿನ್ನತೆಯನ್ನು ಅನುಭವಿಸಿದ್ದರು. ಹೋಲಿಕೆಗೆ ತೆಗೆದುಕೊಂಡ ಇತರರಲ್ಲಿ ಅಂಥವರು ನೂರಕ್ಕೆ ೧೭.೬.

‘ಎದೆಯೊಡೆತ’ಕ್ಕೂ ವೈದ್ಯದಲ್ಲಿ ಸ್ಥಾನವು ದೊರೆಯಿತು. ೧೯೯೦ರಲ್ಲಿ ಜಪಾನಿನ ವೈದ್ಯರು ಹಠಾತ್ತಾಗಿ ಹೃದಯದ ಎಡಕೋಶವು ದುರ್ಬಲವಾಗಿ ಉಬ್ಬುವ ಒಂದು ವ್ಯಾಧಿಯನ್ನು ವರ್ಣಿಸಿ, ಅದರ ಆಕಾರವು ಅಷ್ಟಪದಿಯನ್ನು ಹಿಡಿಯುವ ಮಡಕೆಯಂತಿರುವುದರಿಂದ ‘ತಾಕೋತ್ಸುಬೊ’ ಎಂದು ಹೆಸರಿಟ್ಟರು. ಇದರಲ್ಲಿ ಹೃದಯದ ರಕ್ತನಾಳಗಳು ಕಟ್ಟಿರುವುದಿಲ್ಲ. ತೀವ್ರವಾದ ದುಃಖ ಅಥವಾ ಭಯವು ಅನೇಕರಲ್ಲಿ ನಿಮಿತ್ತವಾಗಿರುತ್ತದೆ. ಮುಟ್ಟು ನಿಂತ ವಯಸ್ಸಿನ ಸ್ತ್ರೀಯರಲ್ಲಿ ಇದು ಹೆಚ್ಚು. ಬಹುಮಂದಿ ಚೇತರಿಸಿಕೊಳ್ಳುತ್ತಾರೆ, ಕೆಲವರು ಸಾಯುತ್ತಾರೆ.

ಸಂಬಂಧದ ಮಾರ್ಗಗಳೂ ಕೆಲಮಟ್ಟಿಗೆ ತಿಳಿದಿವೆ. ದೀರ್ಘಕಾಲದ ಖಿನ್ನತೆಯಲ್ಲಿ ಕಾರ್ಟಿಸಾಲ್, ಅಡ್ರಿನಲಿನ್ ಮೊದಲಾದ ಸ್ರಾವಗಳ ಹದ ತಪ್ಪುತ್ತದೆ; ರಕ್ತದ ಕಣಿಕೆಗಳು ಬೇಗ ಅಂಟಿಕೊಳ್ಳುತ್ತವೆ; ನಾಳಗಳಲ್ಲಿ ಉರಿಯೂತವು ಹೆಚ್ಚುತ್ತದೆ; ನಾಡಿಯ ಸಹಜವಾದ ಏರಿಳಿತವು ಕಡಿಮೆಯಾಗುತ್ತದೆ. ಇವುಗಳ ಜೊತೆಗೆ ಖಿನ್ನನಾದವನು ಔಷಧವನ್ನು ಮರೆಯುತ್ತಾನೆ, ನಡೆದಾಡುವುದನ್ನು ಬಿಡುತ್ತಾನೆ, ತಂಬಾಕು ಮದ್ಯಗಳಿಗೆ ಶರಣಾಗುತ್ತಾನೆ. ಹೃದ್ರೋಗವೂ ತನ್ನ ಪಾಲಿಗೆ ಮನುಷ್ಯನನ್ನು ದುರ್ಬಲಗೊಳಿಸಿ ಖಿನ್ನತೆಯನ್ನು ತರುತ್ತದೆ. ಹೀಗೆ ಇದು ಒಮ್ಮುಖವಾದ ದಾರಿಯಲ್ಲ.

ಆದರೆ ವಿವಾದವೊಂದು ಉಳಿದಿದೆ. ಖಿನ್ನತೆಯನ್ನು ವಾಸಿಮಾಡಿದರೆ ಹೃದಯವೂ ಉಳಿಯುವುದೇ? ೨೦೦೩ರಲ್ಲಿ ಪ್ರಕಟವಾದ ಅಮೇರಿಕದ ಒಂದು ದೊಡ್ಡ ಪ್ರಯೋಗದಲ್ಲಿ ೨,೪೮೧ ರೋಗಿಗಳ ಪೈಕಿ ಮಾತಿನ ಚಿಕಿತ್ಸೆ ಪಡೆದವರ ಮನಸ್ಸು ಸುಧಾರಿಸಿತು. ಮರಣಗಳು ಮಾತ್ರ ಕಡಿಮೆಯಾಗಲಿಲ್ಲ. ೨೦೧೮ರಲ್ಲಿ ಕೊರಿಯದಿಂದ ಬಂದ ೩೦೦ ರೋಗಿಗಳ ವರದಿಯಲ್ಲಿ ಖಿನ್ನತೆಗೆ ಔಷಧ ಪಡೆದವರಲ್ಲಿ ನೂರಕ್ಕೆ ೪೦.೯, ಪಡೆಯದವರಲ್ಲಿ ನೂರಕ್ಕೆ 	೫೩.೬ ಮಂದಿ ಮುಂದಿನ ಎಂಟು ವರ್ಷಗಳ ಅವಧಿಯಲ್ಲಿ ಹೃದಯದ ತೀವ್ರ ತೊಂದರೆಗೆ ಅಥವಾ ಮರಣಕ್ಕೆ ಈಡಾದರು. ಇವೆರಡನ್ನೂ ಕೂಡಿಸಿ ನೋಡಿದರೆ, ಖಿನ್ನತೆಯು ಹೃದ್ರೋಗವನ್ನು ಬೆಳೆಸುವುದೆಂಬುದು ನಿಶ್ಚಿತವೆಂದೂ, ಅದನ್ನು ನೀಗುವುದರಿಂದ ಆಯುಸ್ಸು ಬೆಳೆಯುವುದೆಂಬುದು ಇನ್ನೂ ಪೂರ್ಣವಾಗಿ ಸಿದ್ಧವಾಗಿಲ್ಲವೆಂದೂ ಹೇಳಬೇಕಾಗುತ್ತದೆ. ಖಿನ್ನತೆಯು ತನ್ನಷ್ಟಕ್ಕೆ ಒಂದು ಸಂಕಟವಾದುದರಿಂದ ಅದಕ್ಕೆ ಚಿಕಿತ್ಸೆಯು ಹೇಗೂ ಅವಶ್ಯಕವೆಂಬುದರಲ್ಲಿ ವಿವಾದವಿಲ್ಲ.

೭

ಶಾಸ್ತ್ರಗಳು ಹೀಗೆ ಒಂದುಗೂಡುತ್ತಿದ್ದರೂ, ಘಟಪ್ರಭೆಯ ದಂಡೆಯ ರೋಗಿಯ ಪಾಲಿಗೆ ದೇಹಕ್ಕೂ ಮನಸ್ಸಿಗೂ ಬೇರೆ ಬೇರೆ ದಾರಿಗಳೇ ಉಳಿದುಬಂದವು. ಮುಂಬಯಿ ಇಲಾಖೆಯ ಕಾಲದಲ್ಲಿ, ೧೮೪೫ರಲ್ಲಿ, ಧಾರವಾಡದಲ್ಲಿ ಹುಚ್ಚರ ಆಸ್ಪತ್ರೆಯು ಆರಂಭವಾಯಿತು. ದೇಹದ ಬೇನೆಗೆ ಜನರು ಬೆಳಗಾವಿಗೆ, ೧೮೯೪ರಲ್ಲಿ ಮಿರಜಿನಲ್ಲಿ ಸ್ಥಾಪಿತವಾದ ಮಿಶನ್ ಆಸ್ಪತ್ರೆಗೆ, ಮುಂದೆ ಡಾ. ನಾ. ಸು. ಹರ್ಡೀಕರರ ಹೆಸರಿನೊಡನೆ ಬೆಸೆದ ಘಟಪ್ರಭೆಯ ಕರ್ನಾಟಕ ಆರೋಗ್ಯಧಾಮಕ್ಕೆ ಹೋದರು. ‘ಧಾರವಾಡಕ್ಕ ಕಳಸಬೇಕು’ ಎಂಬ ಮಾತು ಈ ಭಾಗದಲ್ಲಿ ಒಬ್ಬನನ್ನು ಹುಚ್ಚನೆಂದು ಹಳಿಯುವ ನುಡಿಯಾಯಿತು. ಬರಿಯ ಕೊರಗಿನಿಂದ ನರಳುವವನಿಗೆ ಆ ದಾರಿಯು ಒಲ್ಲದ ದಾರಿ. ಎದೆಯ ಪರೀಕ್ಷೆಯಲ್ಲಿ ದೋಷ ಕಾಣದಿದ್ದರೆ ಇನ್ನೊಂದು ದಾರಿಯೂ ಅವನಿಗೆ ಮುಚ್ಚಿತು.

ಇದಕ್ಕೆ ಮಾನಮರ್ಯಾದೆಯ ಪ್ರಶ್ನೆಯೂ ಕಾರಣ. ಬೆಂಗಳೂರಿನಲ್ಲಿ ಖಿನ್ನತೆಯ ರೋಗಿಗಳನ್ನು ಕುರಿತು ರಘುರಾಮ್ ಮತ್ತು ಸಂಗಡಿಗರು ೧೯೯೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನದ ದುಃಖವನ್ನು ಮುಂದಿಟ್ಟವರಲ್ಲಿ ಕಳಂಕದ ಅಂಜಿಕೆ ಹೆಚ್ಚಾಗಿಯೂ ದೇಹದ ಬೇನೆಗಳನ್ನು ಮುಂದಿಟ್ಟವರಲ್ಲಿ ಕಡಮೆಯಾಗಿಯೂ ಕಂಡುಬಂದಿತು. ತಲೆನೋವು, ಮೈನೋವುಗಳು ಯಾರಿಗಾದರೂ ಬರುವಂಥವು; ದುಃಖವನ್ನು ಹೇಳಿಕೊಂಡರೆ ಮಾತ್ರ ಜನ ಬೇರೆಯಾಗಿ ನೋಡುವರು. ‘ಮನಸ್ಸಿಗೆ ಹಚ್ಚಿಕೊಂಡ’ ಎಂಬುದರೊಳಗಿನ ಆಕ್ಷೇಪವನ್ನು ಇಲ್ಲಿ ನೆನೆಯಬಹುದು. ‘ಎದಿ ಭಾರ’ ಎಂಬುದು ಈ ಆಕ್ಷೇಪದಿಂದ ಪಾರಾಗುವ ಮಾತು. ಎರಡರ್ಥದ ಶಬ್ದವೊಂದು ದುಃಖಿಗೆ ಮರೆಯನ್ನು ಒದಗಿಸುತ್ತದೆ. ಆದರೆ ವೈದ್ಯನು ಒಂದೇ ಅರ್ಥವನ್ನು ಹಿಡಿದರೆ ಆ ಮರೆಯೇ ಅಪಾಯವಾಗುತ್ತದೆ. ಖಿನ್ನತೆಯನ್ನು ಹೃದ್ರೋಗವೆಂದು ತಿಳಿದರೆ ವೃಥಾ ವೆಚ್ಚ ಮಾತ್ರ. ನಿಜವಾದ ಹೃದಯಾಘಾತವನ್ನು ‘ಚಿಂತಿ ಮಾಡ್ತಾನ’ ಎಂದು ತಳ್ಳಿಹಾಕಿದರೆ ಪ್ರಾಣಹಾನಿ.

೨೦೧೯ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ, ಹಿರಣ್ಯಕೇಶಿ ನದಿಗಳು ಉಕ್ಕಿ ಗೋಕಾಕ ಪಟ್ಟಣವೂ ಸಂಕೇಶ್ವರವೂ ಹಲವು ಹಳ್ಳಿಗಳೂ ಜಲಾವೃತವಾದವು. ಇಂಥ ಉತ್ಪಾತಗಳಲ್ಲಿ ಬಿದ್ದ ಮನೆ, ಕೊಚ್ಚಿಹೋದ ಬೆಳೆ, ಸತ್ತ ದನ ಇವುಗಳ ಲೆಕ್ಕವು ಸರಕಾರದ ದಫ್ತರಕ್ಕೆ ಸೇರುತ್ತದೆ. ಕೆಲವು ತಿಂಗಳ ಬಳಿಕ ಕೊರಗಿನಿಂದ ಎದೆಯು ಕೆಟ್ಟು ಸತ್ತವನು ನೆರೆಯಿಂದ ಸತ್ತವರ ಲೆಕ್ಕದಲ್ಲಿ ಬರುವುದಿಲ್ಲ. ಬೇರೆಡೆ ಇಂಥ ಲೆಕ್ಕವನ್ನು ಇಟ್ಟುದುಂಟು. ೧೯೯೪ರ ಜನವರಿ ೧೭ರಂದು ಅಮೇರಿಕದ ಲಾಸ್ ಏಂಜಲಿಸ್ ಪ್ರಾಂತದಲ್ಲಿ ಭೂಕಂಪವಾದ ದಿನ, ಹೃದ್ರೋಗದಿಂದ ಹಠಾತ್ತಾಗಿ ಮಡಿದವರು ೨೪ ಮಂದಿ. ಹಿಂದಿನ ದಿನಗಳ ಸರಾಸರಿ ಐದಕ್ಕಿಂತ ಕಡಿಮೆ.

ದಾರಿಗಳನ್ನು ಕೂಡಿಸುವ ಪ್ರಯತ್ನಗಳೂ ಕರ್ನಾಟಕದಲ್ಲಿ ನಡೆದಿವೆ. ೧೯೮೫ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವು ಪ್ರಾಥಮಿಕ ಆರೋಗ್ಯಕೇಂದ್ರದ ವೈದ್ಯನೇ ಮನೋರೋಗಕ್ಕೂ ಚಿಕಿತ್ಸೆ ಮಾಡಬಲ್ಲನೆಂಬುದನ್ನು ತೋರಿಸಿ, ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ರಾಮನಗರ ಜಿಲ್ಲೆಯ ಗ್ರಾಮೀಣ ಆರೋಗ್ಯಕೇಂದ್ರಗಳಲ್ಲಿ ಬೆಂಗಳೂರಿನ ಸಂತ ಜಾನರ ಸಂಸ್ಥೆಯ ವಿದ್ವಾಂಸರು ಖಿನ್ನತೆಯನ್ನೂ ರಕ್ತದೊತ್ತಡ, ಮಧುಮೇಹ, ಹೃದ್ರೋಗಗಳನ್ನೂ ಒಂದೇ ಎಡೆಯಲ್ಲಿ ನೋಡಿಕೊಳ್ಳುವ ಕ್ರಮವನ್ನು ಪರೀಕ್ಷಿಸಿದರು. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮವು ಮನೋವೈದ್ಯರನ್ನು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೆ ತರಲು ಹೊರಟಿತು. ‘ಹೃದಯ ಜ್ಯೋತಿ’ ಯೋಜನೆಯು ಹೃದಯಾಘಾತದ ತುರ್ತು ಪರೀಕ್ಷೆ ಮತ್ತು ಚಿಕಿತ್ಸೆಯನ್ನು ತಾಲೂಕು ಮಟ್ಟಕ್ಕೆ ಇಳಿಸಿತು. ಎರಡೂ ಸ್ತುತ್ಯವೇ. ಆದರೆ ಒಂದು ಮನಸ್ಸಿನ ಬಾಗಿಲು, ಇನ್ನೊಂದು ಎದೆಯ ಬಾಗಿಲು. ಈ ಎರಡಕ್ಕೂ ನಡುವೆ ಒಳಬಾಗಿಲೊಂದನ್ನು ತೆರೆಯುವುದು ಇನ್ನು ಮುಂದಿನ ಕೆಲಸ.

೮

ಮೇಲಿನ ವಿಚಾರದಿಂದ ಮೂರು ಅಂಶಗಳು ನಿಷ್ಪನ್ನವಾಗುತ್ತವೆ. ಮೊದಲನೆಯದು, ಕೊರಗಿ ಸಾಯುವುದು, ಎದೆಯೊಡೆದು ಸಾಯುವುದು ಎಂಬ ಎರಡು ಬಗೆಗಳನ್ನು ಜನಭಾಷೆಯು ಬೇರ್ಪಡಿಸಿದ್ದು, ಕಾವ್ಯವು ಅವುಗಳಿಗೆ ದೃಷ್ಟಾಂತ ಕೊಟ್ಟಿದ್ದು, ಇಂದಿನ ವೈದ್ಯವೂ ಸ್ಥೂಲವಾಗಿ ಇದೇ ವಿಭಾಗವನ್ನು ಒಪ್ಪಿದೆ. ಎರಡನೆಯದು, ಆಯುರ್ವೇದ ಯುನಾನಿಗಳು ಸಂಬಂಧವನ್ನು ಸರಿಯಾಗಿ ಕಂಡವಾದರೂ ಅದರ ಮಾರ್ಗವನ್ನು ಅರಿತಿರಲಿಲ್ಲ; ಆಧುನಿಕ ವೈದ್ಯವು ಮಾರ್ಗವನ್ನು ಶೋಧಿಸುವ ಭರದಲ್ಲಿ ಬಹುಕಾಲ ಸಂಬಂಧವನ್ನು ಮರೆತಿತ್ತು. ಮೂರನೆಯದು, ಎದೆಯೆಂಬ ಶಬ್ದದ ಅನೇಕಾರ್ಥತೆಯು ಭಾಷೆಯ ದೋಷವಲ್ಲ. ಅದನ್ನು ಬಿಡಿಸಿ ಕೇಳುವ ಜಾಣ್ಮೆಯು ವೈದ್ಯನಿಗಿರಬೇಕು.

ಈ ಮೂರನೆಯ ಅಂಶದಲ್ಲಿ ಸಾಹಿತ್ಯದ ಅಧ್ಯಾಪಕರಿಗೂ ಭಾಷಾಸಂಶೋಧಕರಿಗೂ ಮಾಡತಕ್ಕ ಕೆಲಸವಿದೆ. ಧಾರವಾಡ, ಬೆಳಗಾವಿಗಳ ಆಸ್ಪತ್ರೆಗಳಲ್ಲಿ ರೋಗಿಗೆ ಕೇಳುವ ಪ್ರಶ್ನಾವಳಿಗಳು ಬಹುಮಟ್ಟಿಗೆ ಇಂಗ್ಲಿಷಿನಿಂದ ಬಂದಂಥವು. ‘ನಿಮಗೆ ಖಿನ್ನತೆಯಿದೆಯೇ’ ಎಂದು ಕೇಳಿದರೆ ಹುಕ್ಕೇರಿಯ ಮುದುಕಿಯು ಇಲ್ಲವೆಂದೇ ಹೇಳಬಹುದು. ಆಕೆಗೆ ಆ ಶಬ್ದದ ಪರಿಚಯವಿಲ್ಲ. ‘ಏನರೆ ಮನಸಿಗೆ ಹಚ್ಚಿಕೊಂಡೀರೇನ ಯವ್ವಾ’ ಎಂದರೆ ಉತ್ತರವು ಬೇರೆಯಾಗಬಹುದು. ಹಳಹಳಿ, ತಳಮಳ, ಧಸಕ್ಕನೆ ಎದೆ ಹಾರುವುದು, ಎದೆ ಭಾರವಾಗುವುದು, ಜೀವ ಒಲ್ಲೆನಿಸುವುದು ಮೊದಲಾದ ಪ್ರಯೋಗಗಳನ್ನು ಊರೂರಿನಿಂದ ಕೂಡಿಸಿ, ಯಾವುದು ಯಾವ ಅವಸ್ಥೆಯನ್ನು ಸೂಚಿಸುವುದೆಂದು ವೈದ್ಯರ ಸಹಾಯದಿಂದ ನಿರ್ಣಯಿಸಿದ ಒಂದು ಶಬ್ದಸಂಗ್ರಹವು ಸಿದ್ಧವಾದರೆ, ಅದು ನಿಘಂಟಿಗೂ ಉಪಯುಕ್ತ, ತಾಲೂಕು ಆಸ್ಪತ್ರೆಗೂ ಉಪಯುಕ್ತ. ಇದುವರೆಗೆ ಹಾಡುಗಳಿಗಾಗಿ ಹಳ್ಳಿಗಳನ್ನು ಸುತ್ತಿದ ಶ್ರಮದ ಒಂದಂಶವು ಈ ಕಾರ್ಯಕ್ಕೆ ಸಂದರೂ ಸಾಕು.